ಸುಳಿ ಕಾಯುವ ಎಲೆ

ಡೋಣಿ ನದಿ ಸಾಲಿನ ಎರೆ ಹೊಲದಲ್ಲಿ ಹಿಂಗಾರಿ ಜೋಳ ಹುಟ್ಟಿ ಎರಡು ವಾರ ಕಳೆದಿರುತ್ತದೆ. ಹಸಿರು ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಸಸಿಯ ಸುಳಿ ಮಾತ್ರ ಒಣಗಿ ನಿಂತಿರುತ್ತದೆ. ಹಿಡಿದೆಳೆದರೆ ಸಲೀಸಾಗಿ ಕಿತ್ತು ಬರುತ್ತದೆ, ಬುಡದಲ್ಲಿ ಕೊಳೆತ ನಾತ. ಇದು ಸುಳಿ ನೊಣದ ಕೆಲಸ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜೋಳದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನೊಣ ಎಲೆಯ ಅಡಿಗೆ ಒಂದೊಂದೇ ಬಿಳಿ ತತ್ತಿ ಇಡುತ್ತದೆ. ಬೆಳಗಿನ ಜಾವ ಹೊರಬಿದ್ದ ಮರಿ ಎಲೆಯ ತೇವದಲ್ಲಿ ತೆವಳುತ್ತ ಸುಳಿಗಿಳಿದು, ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಮಳೆ ಹದ ತಪ್ಪಿ ಊರಿನ ಬಿತ್ತನೆ ಹಿಂದುಮುಂದಾದರೆ, ಮೊದಲ ಹೊಲದಲ್ಲಿ ಹೆಚ್ಚಿದ ನೊಣ ಕೊನೆಯ ಹೊಲಕ್ಕೆ ಮುಗಿಬೀಳುತ್ತದೆ.

ಇದಕ್ಕೆ ಒಂದು ಉತ್ತರ ತಳಿಯಲ್ಲೇ ಇದೆ. ಕೀಟ ತಡೆಯುವ ತಳಿ ಎಂದರೆ ಭತ್ತದ ಹೆಸರೇ ಮೊದಲು ಬರುತ್ತದೆ. ಫಿಲಿಪ್ಪೀನ್ಸಿನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಕಂದು ಜಿಗಿಹುಳು ತಡೆಯುವ ಐಆರ್-26 ತಳಿ ಕೊಟ್ಟಿತು. ಅದರ ಬಲವೆಲ್ಲ ಒಂದೇ ವಂಶವಾಹಿಯ ಮೇಲೆ ನಿಂತಿತ್ತು, ಕೆಲವೇ ವರ್ಷಗಳಲ್ಲಿ ಹುಳು ಅದನ್ನು ಮೀರಿತು. ಜೋಳದ ದಾರಿ ಬೇರೆ. ಇಲ್ಲಿ ತಡೆ ಅನ್ನುವುದು ಹಲವು ಸಣ್ಣ ಗುಣಗಳ ಕೂಟ: ಎಲೆಯಡಿಯ ನವಿರು ರೋಮ, ಎಳೆ ಎಲೆಯ ಮಿರುಗು, ಸುಳಿಯಲ್ಲಿ ನಿಲ್ಲದ ತೇವ, ಬೇಗ ಮೇಲೇಳುವ ಸಸಿ. ನೊಣಕ್ಕೆ ತತ್ತಿ ಇಡಲು ಮನಸ್ಸಾಗದು, ಮರಿಗೆ ದಾರಿ ಸಿಗದು.

ಈ ಗುಣಗಳು ಪ್ರಯೋಗಾಲಯದಲ್ಲಿ ಹುಟ್ಟಿದವಲ್ಲ. ನಾವು ಮಾಲದಂಡಿ ಎನ್ನುವ ಎಂ35-1 ಅನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ರೈತರ ನಾಟಿ ಜೋಳದಿಂದಲೇ ಆರಿಸಿದ್ದು. ರೊಟ್ಟಿಗೆ ಮುತ್ತಿನಂಥ ಕಾಳು, ಎತ್ತಿಗೆ ಸಿಹಿ ಕಣಿಕಿ ಬೇಕೆಂದು ತಲೆಮಾರುಗಳಿಂದ ಬೀಜ ಕಟ್ಟಿಟ್ಟವರು, ಅರಿಯದೆಯೇ ಈ ರೋಮ-ಮಿರುಗನ್ನೂ ಉಳಿಸಿಕೊಂಡು ಬಂದರು. 1964ರಲ್ಲಿ ಬಂದ ಮೊದಲ ಹೈಬ್ರಿಡ್ ಸಿಎಸ್‌ಎಚ್-1 ಇಳುವರಿ ಕೊಟ್ಟಿತು, ಸುಳಿ ನೊಣಕ್ಕೆ ಮಾತ್ರ ಸುಲಭದ ತುತ್ತಾಯಿತು. ನಾಟಿ ಬೀಜದ ಬೆಲೆ ಆಗ ತಿಳಿಯಿತು.

ವಿಜಯಪುರದ ಹೊರಗೆ ಹಿಟ್ಟಿನಹಳ್ಳಿ ಫಾರ್ಮಿನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಬಿಜೆವಿ-44 ಎಂಬ ಜೋಳದ ತಳಿ ಇಲ್ಲಿಯದೇ. ಯಾವ ಸಸಿ ನೊಣ ತಡೆಯುತ್ತದೆಂದು ತಿಳಿಯಲು, ಹಿಂಗಾರಿ ಜೋಳದ ತಳಿ ಕೆಲಸದಲ್ಲಿ ಕೀಟವನ್ನು ಬೇಕೆಂದೇ ಕರೆಯಬೇಕಾಗುತ್ತದೆ. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ರೂಢಿಗೆ ತಂದ ವಿಧಾನದಲ್ಲಿ, ನೊಣಕ್ಕೆ ಬೇಗ ಸೋಲುವ ತಳಿಯನ್ನು ಸುಮಾರು 20 ದಿನ ಮೊದಲೇ ಸಾಲಾಗಿ ಬಿತ್ತುತ್ತಾರೆ. ನಡುವೆ ಪರೀಕ್ಷೆಯ ಬೀಜ ಹುಟ್ಟಿದಾಗ ಮೀನಿನ ಪುಡಿ ಚೆಲ್ಲುತ್ತಾರೆ, ವಾಸನೆಗೆ ನೊಣ ಮುತ್ತುತ್ತದೆ. ಆಮೇಲೆ ಮೊಣಕಾಲೂರಿ ಒಂದೊಂದೇ ಎಲೆ ಮಗುಚಿ ತತ್ತಿ ಎಣಿಸುವುದು, ಒಣಗಿದ ಸುಳಿ ಎಣಿಸುವುದು. ನನಗೆ ಈ ಎಣಿಕೆಯ ತಾಳ್ಮೆಯೇ ತಳಿ ವಿಜ್ಞಾನದ ಜೀವ ಅನಿಸುತ್ತದೆ.

ಕಷ್ಟ ಇರುವುದು ಮುಂದೆ. ಇಥಿಯೋಪಿಯ ಮೂಲದ ಐಎಸ್-18551 ಎಂಬ ಜೋಳ ನೊಣವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದರ ಕಾಳು ಮಾಲದಂಡಿಯಂತಲ್ಲ. ಮಾಲದಂಡಿಯೂ ನೊಣ ವಿಪರೀತವಾದ ವರ್ಷ ಸೋಲುವುದುಂಟು. ಇವೆರಡನ್ನೂ ಕೂಡಿಸಹೋದರೆ, ಹಲವು ವಂಶವಾಹಿಗಳಲ್ಲಿ ಹಂಚಿಹೋದ ಗುಣ ಪ್ರತಿ ತಲೆಮಾರಿನಲ್ಲೂ ಚದುರುತ್ತದೆ. ಹಾಗಾಗಿ ಮತ್ತೆ ಬಿತ್ತಿ, ಮತ್ತೆ ಎಣಿಸಿ, ತಡೆದು ನಿಂತ ಸಸಿಯ ತೆನೆ ಆರಿಸಿ, ಕೊನೆಗೆ ಅದರ ಹಿಟ್ಟನ್ನು ನಾದಿ, ರೊಟ್ಟಿ ಬಡಿದು ನೋಡಬೇಕು.