ಗಾಲ್ಫಿನ ಮೊದಲ ಹೊಡೆತ: ದೂರವೂ ಬೇಕು, ನೇರವೂ ಬೇಕು



ಇವತ್ತು ಗಾಲ್ಫ್ ಆಟದ ಮೊದಲ ಹೊಡೆತದ ಬಗ್ಗೆ ನಾಲ್ಕು ಮಾತು. ‘ಅದು ದೊರೆಗಳ ಆಟ, ನಮಗೇಕೆ’ ಎಂದು ರೇಡಿಯೋ ಆರಿಸಬೇಡಿ. ನಮ್ಮ ನೀಲಗಿರಿಯಲ್ಲಿ ಊಟಿಯಲ್ಲೊಂದು, ವೆಲಿಂಗ್ಟನ್‌ನಲ್ಲೊಂದು ಹಳೆಯ ಗಾಲ್ಫ್ ಮೈದಾನಗಳಿವೆ. ಆಟಗಾರರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆಯುವವರಿಗೆ ಕ್ಯಾಡಿ ಎನ್ನುತ್ತಾರೆ. ಆ ಕೆಲಸ ಮಾಡುತ್ತಲೇ ಆಟ ಕಲಿತು ಮೇಲೆ ಬಂದವರು ನಮ್ಮ ದೇಶದಲ್ಲಿದ್ದಾರೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ಹಾಗಾಗಿ ಚೀಲ ಹೊರುವ ಹುಡುಗನಿಗೆ ಈ ವಿದ್ಯೆ ಬರೀ ಮೋಜಿನದಲ್ಲ, ಅನ್ನದ ದಾರಿಯೂ ಆಗಬಹುದು.

ಆಟ ಶುರುವಾಗುವುದು ಟೀ ಎಂಬಲ್ಲಿಂದ. ನಮ್ಮ ತೋಟದ ಟೀ ಅಲ್ಲ. ನೆಲಕ್ಕೆ ಚುಚ್ಚುವ ಬೆರಳುದ್ದದ ಗೂಟಕ್ಕೆ ಟೀ ಎಂದು ಹೆಸರು. ಅದರ ತಲೆಯ ಮೇಲೆ ಚೆಂಡಿಟ್ಟು, ಡ್ರೈವರ್ ಎಂಬ ಎಲ್ಲಕ್ಕಿಂತ ಉದ್ದದ ಕೋಲಿನಿಂದ ಬೀಸುತ್ತಾರೆ. ಮುಂದೆ ಇನ್ನೂರು ಗಜ ದೂರದಲ್ಲಿ ಕತ್ತರಿಸಿದ ಹುಲ್ಲಿನ ಹಾದಿ, ಅದಕ್ಕೆ ಫೇರ್‌ವೇ ಎನ್ನುತ್ತಾರೆ. ಅದರ ಎರಡೂ ಬದಿಗೆ ಊಟಿಯಲ್ಲಾದರೆ ಹಳದಿ ಹೂವಿನ ಮುಳ್ಳುಪೊದೆ. ಅದರೊಳಗೆ ಹೊಕ್ಕ ಚೆಂಡು ಹೋದದ್ದೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕ ಹಾಕದೆ ಇರಲಾರೆ. ಕೋಲಿನ ಮುಖ ಒಂದೇ ಒಂದು ಡಿಗ್ರಿ ವಾರೆಯಾದರೆ, ಇನ್ನೂರು ಗಜ ಹೋಗುವಷ್ಟರಲ್ಲಿ ಚೆಂಡು ಸುಮಾರು ಮೂರೂವರೆ ಗಜ ಪಕ್ಕಕ್ಕೆ ಸರಿಯುತ್ತದೆ. ಐದು ಡಿಗ್ರಿ ವಾರೆಯಾದರೆ ಹದಿನೇಳು ಗಜ, ಅಂದರೆ ನೇರ ಮುಳ್ಳಿಗೆ. ಚೆಂಡು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ (2019ಕ್ಕೆ ಮೊದಲು ಐದು ನಿಮಿಷ ಇತ್ತು). ಸಿಗದಿದ್ದರೆ ಒಂದು ಹೊಡೆತ ದಂಡ ತೆತ್ತು, ಮತ್ತೆ ಅದೇ ಟೀಗೆ ಬಂದು ಹೊಡೆಯಬೇಕು. ಅದು ಮೂರನೆಯ ಹೊಡೆತವೆಂದು ಲೆಕ್ಕ. ಮೂವತ್ತು ಗಜ ಹೆಚ್ಚಿಗೆ ಹೊಡೆಯಲು ಹೋಗಿ ಎರಡು ಹೊಡೆತ ಕಳೆದುಕೊಳ್ಳುವುದು ಯಾವ ಖಾತೆಯಲ್ಲೂ ಲಾಭವಲ್ಲ.

ಹಾಗಾದರೆ ದೂರ ಎಲ್ಲಿಂದ ಬರುತ್ತದೆ? ತೋಳಿನ ಬಲದಿಂದ ಎಂದುಕೊಂಡವರೇ ಹೆಚ್ಚು. ಚೆಂಡಿನ ತೂಕ 46 ಗ್ರಾಂಗೂ ಒಂದು ಚೂರು ಕಡಿಮೆ. ಕೋಲು ಅದನ್ನು ಮುಟ್ಟಿರುವುದು ಒಂದು ಸೆಕೆಂಡನ್ನು ಎರಡು ಸಾವಿರ ತುಂಡು ಮಾಡಿದರೆ ಅದರಲ್ಲಿ ಒಂದು ತುಂಡಿನಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಒತ್ತಿ ತಳ್ಳುವುದು ಯಾರಿಂದಲೂ ಆಗದು. ಲೆಕ್ಕಕ್ಕೆ ಬರುವುದು ಆ ಗಳಿಗೆಯಲ್ಲಿ ಕೋಲಿನ ತಲೆಗಿದ್ದ ವೇಗ, ಮತ್ತೆ ಚೆಂಡು ಮುಖದ ನಟ್ಟನಡುವೆ ತಗುಲಿತೋ ಇಲ್ಲವೋ ಎಂಬುದು. ನಡುವೆ ತಗುಲಿದರೆ ಚೆಂಡು ಕೋಲಿನ ವೇಗದ ಹೆಚ್ಚುಕಡಿಮೆ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. ಅಂಚಿಗೆ ತಗುಲಿದರೆ ಎಷ್ಟು ಜೋರಾಗಿ ಬೀಸಿದರೂ ಆ ಪಟ್ಟು ಸಿಗುವುದಿಲ್ಲ.

ವೇಗ ಬರುವುದು ಬಾರುಕೋಲಿನ ತುದಿಗೆ ಬರುವ ಹಾಗೆ. ಮೊದಲು ಬೆನ್ನು ಗುರಿಯ ಕಡೆ ತಿರುಗುವಷ್ಟು ಮೈ ತಿರುಗಬೇಕು. ಮರಳಿ ಬರುವಾಗ ಕಾಲು ಮತ್ತು ಸೊಂಟ ಮೊದಲು, ಆಮೇಲೆ ಹೆಗಲು, ಆಮೇಲೆ ತೋಳು, ಕಟ್ಟಕಡೆಗೆ ಮಣಿಕಟ್ಟು. ಭತ್ತದ ಕಟ್ಟು ಬಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೋಳು ಮೊದಲು ನುಗ್ಗಿದರೆ ವೇಗವೂ ಹೋಗುತ್ತದೆ, ದಾರಿಯೂ ಕೆಡುತ್ತದೆ. ಹಿಡಿತ ಹಸು ಕರೆಯುವ ಕೈಯಷ್ಟು ಬಿಗಿ ಇದ್ದರೆ ಸಾಕು.

ಇನ್ನೊಂದು ಗುಟ್ಟಿದೆ. ಚಿನ್ನಿದಾಂಡು ಆಡದ ಗಡಿ ಹಳ್ಳಿ ಯಾವುದಿದೆ? ತಮಿಳರಿಗೆ ಕಿಟ್ಟಿಪುಳ್ಳು, ಮಲೆಯಾಳಿಗಳಿಗೆ ಕುಟ್ಟಿಯುಂ ಕೋಲುಂ, ಮರಾಠಿಗರಿಗೆ ವಿಟಿದಾಂಡು, ತೆಲುಗರಿಗೆ ಬಿಳ್ಳಂಗೋಡು. ಚಿನ್ನಿ ಮೇಲೆದ್ದಾಗ ಕೆಳಕ್ಕೆ ಕುಟ್ಟಿದರೆ ಅದು ಕಾಲ ಬುಡದಲ್ಲೇ ಬೀಳುತ್ತದೆ. ಡ್ರೈವರ್‌ಗೂ ಹಾಗೇ. ಕೋಲು ತನ್ನ ಸುತ್ತಿನ ಕೆಳತುದಿ ದಾಟಿ ಸ್ವಲ್ಪ ಮೇಲೇಳುವಾಗ ಚೆಂಡಿಗೆ ತಗುಲಬೇಕು. ಅದಕ್ಕಾಗಿ ಬಲಗೈಯವರು ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ಇಡಬೇಕು, ಕೋಲಿನ ತಲೆಯನ್ನು ಪಕ್ಕದಲ್ಲಿಟ್ಟಾಗ ಅರ್ಧ ಚೆಂಡು ಮೇಲೆ ಕಾಣುವಷ್ಟು ಎತ್ತರಕ್ಕೆ ಗೂಟ ನಿಲ್ಲಿಸಬೇಕು. ಕಾಲುಗಳ ಅಂತರ ಹೆಗಲಗಲಕ್ಕಿಂತ ತುಸು ಹೆಚ್ಚಿರಲಿ. ಇಷ್ಟು ಸರಿಮಾಡಿಕೊಂಡರೇ ಎಷ್ಟೋ ಜನರಿಗೆ ಹತ್ತು ಹದಿನೈದು ಗಜ ಸಿಗುತ್ತದೆ.

ಈಗ ನೇರದ ಮಾತು. ಹಳೆಯ ಪುಸ್ತಕಗಳಲ್ಲಿ, ಕೋಲು ಬೀಸಿದ ದಾರಿಯಲ್ಲಿ ಚೆಂಡು ಹೊರಡುತ್ತದೆ ಎಂದು ಬರೆದಿತ್ತು. ರೇಡಾರ್ ಯಂತ್ರಗಳು ಬಂದ ಮೇಲೆ ಅದು ತಲೆಕೆಳಗಾಯಿತು. ಚೆಂಡು ಹೊರಡುವುದು ಬಹುಮಟ್ಟಿಗೆ ಕೋಲಿನ ಮುಖ ನೋಡುತ್ತಿದ್ದ ಕಡೆಗೆ. ಮುಖ ಒಂದು ಕಡೆ, ಬೀಸಿದ ದಾರಿ ಇನ್ನೊಂದು ಕಡೆ ಆದಾಗ ಚೆಂಡು ಹೋಗಹೋಗುತ್ತಾ ಬಾಗುತ್ತದೆ. ಬಲಗೈಯವರ ಚೆಂಡು ಬಲಕ್ಕೆ ಬಾಗುವುದಕ್ಕೆ ಸ್ಲೈಸ್ ಎಂದು ಹೆಸರು, ಹೊಸಬರ ದೊಡ್ಡ ಕಾಯಿಲೆ ಇದೇ. ಬಲಕ್ಕೆ ಹೋಗುತ್ತದಲ್ಲ ಎಂದು ಅವರು ಇನ್ನಷ್ಟು ಎಡಕ್ಕೆ ತಿರುಗಿ ನಿಂತು ಬೀಸುತ್ತಾರೆ. ದಾರಿ ಎಡಕ್ಕೆ ಹೋದಷ್ಟೂ, ಅದಕ್ಕೆ ಹೋಲಿಸಿದರೆ ಮುಖ ಹೆಚ್ಚು ತೆರೆದಂತಾಗಿ ಚೆಂಡು ಇನ್ನೂ ಬಾಗುತ್ತದೆ. ಔಷಧಿಯೇ ಕಾಯಿಲೆ ಹೆಚ್ಚಿಸುವ ಹಾಗೆ. ಮೊದಲು ಎಡಗೈ ನೋಡಿಕೊಳ್ಳಿ. ಮೇಲಿನಿಂದ ನೋಡಿದಾಗ ಎರಡು ಮೂರು ಗೆಣ್ಣುಗಳು ಕಾಣುವಂತೆ ಕೈ ತಿರುಗಿಸಿ ಹಿಡಿದರೆ ಮುಖ ಮುಚ್ಚಿ ಬರಲು ಸುಲಭ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಅಮೆರಿಕದ ಬ್ರೈಸನ್ ಡಿಶಾಂಬೊ ಮೈ ಬೆಳೆಸಿ, ದೂರ ಹೊಡೆಯುವುದನ್ನೇ ಹಿಡಿದು, ಅರ್ಧಕ್ಕಿಂತ ಕಡಿಮೆ ಫೇರ್‌ವೇಗಳಲ್ಲಿ ಚೆಂಡು ಬಿದ್ದರೂ 2020ರ ಯು.ಎಸ್. ಓಪನ್ ಗೆದ್ದರು. ಅಲ್ಲಿ ಪಕ್ಕದಲ್ಲಿದ್ದದ್ದು ಉದ್ದ ಹುಲ್ಲು. ಚೆಂಡು ಸಿಗುತ್ತದೆ, ಮತ್ತೆ ಹೊಡೆಯಬಹುದು. ಮುಳ್ಳುಪೊದೆಯ ಪಕ್ಕದಲ್ಲಿ ಆ ಧೈರ್ಯ ನಡೆಯದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಿ. ದೂರದಲ್ಲಿ ಅವರು ಎದುರಾಳಿಗಳಿಗಿಂತ ಬಹಳ ಹಿಂದೆ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಊಟಿಯಲ್ಲಿ ಆಡುವವರಿಗೆ ದೇವರು ಕೊಟ್ಟ ಬೋನಸ್ ಒಂದಿದೆ. ಊರು 2240 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ತಡೆ ಕಡಿಮೆ. ಬಯಲಿನಲ್ಲಿ ನೂರು ಗಜ ಹೋಗುವ ಚೆಂಡು ಇಲ್ಲಿ ಸುಮಾರು ಏಳೆಂಟು ಗಜ ಮುಂದೆ ಬೀಳುತ್ತದೆ. ಅದನ್ನು ಕಂಡು ‘ನನ್ನ ಕೈ ಸುಧಾರಿಸಿತು’ ಎಂದು ಕೆಳಗೆ ಮೈಸೂರಿಗೆ ಹೋಗಿ ಹೇಳಿಕೊಳ್ಳಬಾರದು, ಅಷ್ಟೇ.

ಅಭ್ಯಾಸಕ್ಕೆ ಮೈದಾನವೇ ಬೇಕಾಗಿಲ್ಲ. ಒಂದು ಹಗುರ ಬಿದಿರುಕೋಲು ಹಿಡಿದು ಅಂಗಳದಲ್ಲಿ ಬೀಸಿ, ಸುಯ್ ಎಂಬ ಸದ್ದು ಎಲ್ಲಿ ಜೋರಾಗುತ್ತದೆ ಎಂದು ಕಿವಿಗೊಡಿ. ಬಲಭುಜದ ಹತ್ತಿರವೇ ಕೇಳಿಸಿದರೆ ವೇಗ ಬೇಗ ಖರ್ಚಾಯಿತು ಎಂದರ್ಥ. ಚೆಂಡು ಇರಬೇಕಾದ ಜಾಗ ದಾಟಿದ ಮೇಲೆ ಕೇಳಿಸಬೇಕು. ಮೈದಾನಕ್ಕೆ ಹೋದಾಗ ಕೋಲಿನ ಮುಖಕ್ಕೆ ಸೀಮೆಸುಣ್ಣ ಉಜ್ಜಿ ಹೊಡೆಯಿರಿ. ಚೆಂಡು ತಗುಲಿದ ಗುರುತು ಅಲ್ಲೇ ಮೂಡುತ್ತದೆ. ಗುರುತು ಹಿಡಿಕೆಯ ಬದಿಗೆ ಬಿದ್ದಿದ್ದರೆ ಚೆಂಡಿಗೆ ತುಂಬಾ ಹತ್ತಿರ ನಿಂತಿರಬಹುದು, ಅಂಥ ಹೊಡೆತ ಬಲಕ್ಕೇ ಬಾಗುತ್ತದೆ. ಹತ್ತಕ್ಕೆ ಆರು ಗುರುತಾದರೂ ನಡುವೆ ಬೀಳುವವರೆಗೆ ಮುಕ್ಕಾಲು ವೇಗದಲ್ಲೇ ಹೊಡೆಯಿರಿ. ಆಮೇಲೆ ವೇಗ ಹೆಚ್ಚಿಸಿ.