ಐಸಿಯುವಿನಿಂದ ಮನೆಗೆ ಬಂದ ಮಗು ಇನ್ನೂ ಪೂರ್ತಿ ಬಂದಿಲ್ಲ

ಮಗು ಡಿಸ್ಚಾರ್ಜ್ ಆಗಿ ಬಂದ ದಿನ ಬೆಂಗಳೂರಿನ ವಿಜಯನಗರದ ಮನೆಯೊಂದರಲ್ಲಿ ಏನೇನು ನಡೆಯುತ್ತದೆ ಎಂದು ನಮಗೆಲ್ಲ ಗೊತ್ತು. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆಯುತ್ತಾರೆ. ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೆ ಹೊತ್ತ ಹರಕೆಯನ್ನು ಅಪ್ಪ ನೆನಪಿಸುತ್ತಾನೆ. ಪಕ್ಕದ ಮನೆಯವರು ಬಂದು ‘ಗಂಡಾಂತರ ಕಳೀತಲ್ಲ, ಬಿಡಿ’ ಎನ್ನುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಬೇರೆಯದೇ ಶುರುವಾಗುತ್ತದೆ. ಮಗುವಿಗೆ ಎರಡನೇ ಮಹಡಿ ಹತ್ತುವಾಗ ಕಾಲು ಸೋಲುತ್ತದೆ. ರಾತ್ರಿ ಕಿರುಚಿ ಏಳುತ್ತದೆ. ಹಾಸಿಗೆ ಒದ್ದೆ ಮಾಡಿಕೊಳ್ಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಅದು ಮತ್ತೆ ಮರುಕಳಿಸುತ್ತದೆ. ಬಾಯಿಪಾಠವಾಗಿದ್ದ ಮಗ್ಗಿ ನಡುವೆ ತಪ್ಪುತ್ತದೆ. ಅಮ್ಮ ರಾತ್ರಿ ನಾಲ್ಕು ಸಲ ಎದ್ದು, ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾಳೆ. ‘ಹೆದರಿಕೊಂಡಿದೆ, ತಾಯತ ಕಟ್ಟಿಸಿ’ ಎಂಬ ಸಲಹೆ ಬರುತ್ತದೆ. ಹತ್ತಾರು ಹಾಳೆಗಳ ಆಸ್ಪತ್ರೆಯ ಫೈಲಿನಲ್ಲಿ ಮಾತ್ರ ಇದರ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ.

ಈ ತೊಂದರೆಗಳಿಗೆ ವೈದ್ಯಲೋಕದಲ್ಲಿ ಹೆಸರಿದೆ. ತೀವ್ರ ನಿಗಾ ಘಟಕದಿಂದ ಹೊರಬಂದ ಮೇಲೆ ಉಳಿಯುವ ದೇಹದ, ಬುದ್ಧಿಯ, ಮನಸ್ಸಿನ ತೊಂದರೆಗಳನ್ನು ತಜ್ಞರು 2012ರಲ್ಲಿ ಒಂದೇ ಹೆಸರಿನಡಿ ಗುರುತಿಸಿದರು: ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’, ಚಿಕ್ಕದಾಗಿ ‘ಪಿಕ್ಸ್’. ಜೋಸೆಫ್ ಮ್ಯಾನಿಂಗ್ ಮತ್ತು ಸಂಗಡಿಗರು 2018ರಲ್ಲಿ ಮಕ್ಕಳಿಗಾಗಿ ಇದರ ಚೌಕಟ್ಟನ್ನು ವಿಸ್ತರಿಸಿದರು. ಅದರಲ್ಲಿ ಅವರು ಸೇರಿಸಿದ ಸಂಗತಿಗಳು ಮುಖ್ಯವಾದವು. ಮಗುವಿನ ಜೊತೆ ತಂದೆತಾಯಿ ಮತ್ತು ಒಡಹುಟ್ಟಿದವರೂ ಈ ಕಾಯಿಲೆಯ ಒಳಗೇ ಇದ್ದಾರೆ. ಚೇತರಿಕೆಗೆ ಕೆಲವರಿಗೆ ಕೆಲವು ದಿನ ಸಾಕಾದರೆ, ಕೆಲವರಿಗೆ ದಶಕಗಳೇ ಬೇಕಾಗಬಹುದು.

ಐಸಿಯು ಎಂಬ ಕಲ್ಪನೆ ಹುಟ್ಟಿದ್ದೇ ಒಂದು ಮಗುವಿನ ಹಾಸಿಗೆಯ ಪಕ್ಕದಲ್ಲಿ. 1952ರ ಆಗಸ್ಟ್‌ನಲ್ಲಿ, ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದ್ದಾಗ, ಉಸಿರು ನಿಲ್ಲುತ್ತಿದ್ದ 12 ವರ್ಷದ ಹುಡುಗಿಯ ಗಂಟಲಿಗೆ ಕೊಳವೆ ಹಾಕಿಸಿ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯ ಕೈಯಿಂದ ಗಾಳಿಚೀಲ ಒತ್ತಿದರು. ಆಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಅನೇಕ ರೋಗಿಗಳಿಗೆ ಹೀಗೆ ಉಸಿರು ಕೊಟ್ಟರು. ಆ ಹುಡುಗಿ ಬದುಕಿದಳು ಎನ್ನುವುದು ಪಠ್ಯಪುಸ್ತಕಗಳಲ್ಲಿದೆ. ಅವಳು ಪಾರ್ಶ್ವವಾಯುವಿನೊಂದಿಗೆ ಮತ್ತೆ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಕಳೆದದ್ದು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಉಳಿಸುವ ವಿದ್ಯೆ ಎಪ್ಪತ್ತು ವರ್ಷಗಳಲ್ಲಿ ಬೆಳೆದಷ್ಟು ಉಳಿದ ಮೇಲಿನ ಆರೈಕೆ ಬೆಳೆಯಲಿಲ್ಲ.

ಉಳಿಸುವುದರಲ್ಲಿ ನಾವು ನಿಜಕ್ಕೂ ಗೆದ್ದಿದ್ದೇವೆ. ಕರ್ನಾಟಕದಲ್ಲಿ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುವವರ ಸಂಖ್ಯೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2005-06ರಲ್ಲಿ ಸುಮಾರು 55 ಇತ್ತು. 2019-21ರ ಹೊತ್ತಿಗೆ ಅದು ಸುಮಾರು 30ಕ್ಕೆ ಇಳಿಯಿತು. ರಾಜಾಜಿನಗರದಿಂದ ಕೆಂಗೇರಿವರೆಗೆ ಈಗ ವೆಂಟಿಲೇಟರ್ ಇರುವ ಆಸ್ಪತ್ರೆಗಳಿವೆ, 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಹಿಂದಿನ ತಲೆಮಾರಿನಲ್ಲಿ ಕೈಬಿಟ್ಟು ಹೋಗುತ್ತಿದ್ದ ಮಕ್ಕಳು ಇಂದು ಶಾಲೆಗೆ ಮರಳುತ್ತಿದ್ದಾರೆ. ನನ್ನ ಎಚ್ಚರಿಕೆ ಇರುವುದೂ ಇಲ್ಲೇ. ಬದುಕುಳಿದವರು ಹೆಚ್ಚಿದಷ್ಟೂ ಅರ್ಧ ಚೇತರಿಸಿಕೊಂಡವರೂ ಹೆಚ್ಚುತ್ತಾರೆ. ಅವರನ್ನು ಎಣಿಸುವವರು ಯಾರೂ ಇಲ್ಲ.

ಐಸಿಯುನಲ್ಲಿ ಮಗುವಿನ ದೇಹಕ್ಕೆ ಏನಾಗುತ್ತದೆ? ಜ್ವರ, ಉರಿಯೂತ, ಅಲ್ಲಾಡದೆ ಮಲಗಿರುವುದು ಮೂರೂ ಸೇರಿ ಸ್ನಾಯುವನ್ನು ಕರಗಿಸುತ್ತವೆ. ಅಲ್ಟ್ರಾಸೌಂಡ್ ಹಿಡಿದು ತೊಡೆಯ ಸ್ನಾಯುವನ್ನು ಅಳೆದ ಅಧ್ಯಯನವೊಂದರಲ್ಲಿ ಐದೇ ದಿನದಲ್ಲಿ ಅದರ ದಪ್ಪ ಸುಮಾರು ಹತ್ತನೇ ಒಂದು ಪಾಲು ಇಳಿದಿತ್ತು. ಮೆಟ್ಟಿಲಿನಲ್ಲಿ ಕಾಲು ಸೋಲುವುದಕ್ಕೆ ಕಾರಣ ಸೋಮಾರಿತನವಲ್ಲ.

ಮನಸ್ಸಿನ ಕಥೆ ಇನ್ನೂ ಕಷ್ಟದ್ದು. ಹಗಲು ರಾತ್ರಿ ಉರಿಯುವ ದೀಪ, ಬೀಪ್ ಬೀಪ್ ಸದ್ದು, ಕೊಳವೆ ಕಿತ್ತುಕೊಳ್ಳದಂತೆ ಕಟ್ಟಿದ ಕೈ, ನಿದ್ದೆಗೆಂದು ಕೊಡುವ ಮಿಡಾಜೊಲಾಮ್‌ನಂಥ ಔಷಧ ಇವುಗಳ ನಡುವೆ ಮಗುವಿಗೆ ಸನ್ನಿ ಹಿಡಿಯುತ್ತದೆ. ಹಲವು ದೇಶಗಳ ಮಕ್ಕಳ ಐಸಿಯುಗಳನ್ನು ಒಟ್ಟಿಗೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬ ಮಗುವಿಗೆ ಸನ್ನಿ ಇತ್ತು. ಆಗ ಕಂಡದ್ದು ಯಾವುದು, ಕನಸು ಯಾವುದು ಎಂದು ಬಿಡಿಸಿ ಹೇಳಲು ಆರು ವರ್ಷದ ಮಗುವಿಗೆ ಮಾತು ಸಾಲದು. ಅದು ರಾತ್ರಿಯ ಕಿರುಚಾಟವಾಗಿ ಹೊರಬರುತ್ತದೆ.

ಕಲಿಕೆಯ ಮೇಲಿನ ಪರಿಣಾಮವನ್ನು ಅಮೆರಿಕದ ಸಂಶೋಧಕರು ಜಾಣತನದಿಂದ ಅಳೆದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನ ಉಸಿರಾಟದ ವೈಫಲ್ಯದಿಂದ ಐಸಿಯು ಸೇರಿದ್ದ 121 ಮಕ್ಕಳನ್ನು ಅವರವರ ಸ್ವಂತ ಅಣ್ಣ, ತಮ್ಮ, ಅಕ್ಕ, ತಂಗಿಯರ ಜೊತೆಯೇ ಹೋಲಿಸಿತು. ಒಂದೇ ಮನೆ, ಅದೇ ಊಟ, ಅದೇ ಅಪ್ಪ ಅಮ್ಮ. ಆದರೂ ಐಸಿಯು ಕಂಡ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 2.8 ಅಂಕ ಕಡಿಮೆಯಿತ್ತು. ಸರಾಸರಿ ಅಂತರ ಸಣ್ಣದು ನಿಜ, ಆದರೆ ತೀರಾ ಎಳವೆಯಲ್ಲಿ ಕಾಯಿಲೆ ಬಿದ್ದವರಲ್ಲಿ ಅದು ಹಿಗ್ಗಿತ್ತು. ನಂಜೇರಿ ರಕ್ತದೊತ್ತಡ ಕುಸಿದಿದ್ದ ಮಕ್ಕಳನ್ನು ವರ್ಷವಿಡೀ ಹಿಂಬಾಲಿಸಿ 2020ರಲ್ಲಿ ವರದಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಬದುಕುಳಿದವರ ಪೈಕಿ ಸುಮಾರು ಶೇ. 35ರಷ್ಟು ಮಕ್ಕಳು ವರ್ಷ ಕಳೆದರೂ ಜೀವನದ ಮೊದಲಿನ ಗುಣಮಟ್ಟಕ್ಕೆ ಮರಳಿರಲಿಲ್ಲ.

ಈಗ ಬಾಗಿಲಾಚೆ ಕಾದವರತ್ತ ನೋಡೋಣ. ಎಷ್ಟೋ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮನಿಗೆ ಒಳಗೆ ಬಿಡುವುದು ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಉಳಿದ ಸಮಯವೆಲ್ಲ ಕಾರಿಡಾರಿನ ಕುರ್ಚಿ, ಡೆಪಾಸಿಟ್‌ಗೆ ಹಣ ಹೊಂದಿಸುವ ಓಡಾಟ, ‘ಇನ್ನು 48 ಗಂಟೆ ಏನೂ ಹೇಳಕ್ಕಾಗಲ್ಲ’ ಎಂಬ ಮಾತು. 2012ರ ಸಂಶೋಧನಾ ಅವಲೋಕನವೊಂದರ ಪ್ರಕಾರ ಇಂಥ ತಂದೆತಾಯಿಯರಲ್ಲಿ ಶೇ. 10ರಿಂದ 21ರಷ್ಟು ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಯುದ್ಧದಿಂದ ಮರಳಿದ ಸೈನಿಕರಿಗೆ ಬರುವ ಕಾಯಿಲೆಯೇ ಇದು. ಆಂಬುಲೆನ್ಸ್ ಸದ್ದಿಗೆ ಕೈ ನಡುಗುವುದು, ಮಗು ಕೆಮ್ಮಿದರೆ ಎದೆ ಹೊಡೆದುಕೊಳ್ಳುವುದು, ಆಸ್ಪತ್ರೆಯಿದ್ದ ರಸ್ತೆಯನ್ನೇ ಬಳಸಿಕೊಂಡು ಹೋಗುವುದು ಇದರ ಲಕ್ಷಣಗಳು. ನಮ್ಮಲ್ಲಿ ಇದನ್ನು ‘ಅಮ್ಮನಿಗೆ ಅತಿ ಕಾಳಜಿ’ ಎಂದು ತಳ್ಳಿಹಾಕುತ್ತೇವೆ. ಅಜ್ಜಿ ಮನೆಗೆ ಕಳಿಸಿದ್ದ ದೊಡ್ಡ ಮಗುವನ್ನಂತೂ ಯಾರೂ ಮಾತಾಡಿಸುವುದೇ ಇಲ್ಲ.

ಪಶ್ಚಿಮ ಬೆಂಗಳೂರಿನಲ್ಲಿ ಈ ಹೊರೆ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಗೆ ಹೋಗುವ ಸಾವಿರಾರು ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯೇ ದೊಡ್ಡ ಆಸರೆ. ಇಎಸ್‌ಐ ಯೋಜನೆಯಲ್ಲಿ ಮಗುವಿನ ಚಿಕಿತ್ಸೆಗೆ ಅವಕಾಶವಿದೆ. ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಕೊಡುವ ಕಾಯಿಲೆ ಭತ್ಯೆ ಮಾತ್ರ ಕಾರ್ಮಿಕರು ತಾವೇ ಕಾಯಿಲೆ ಬಿದ್ದರೆ ಸಿಗುವಂಥದ್ದು. ಮಗುವಿನ ಪಕ್ಕ ಕುಳಿತ ತಾಯಿಗೆ ಅದು ದಕ್ಕುವುದಿಲ್ಲ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ತಾಯಿಗೆ ಇಡೀ ಸೇವಾವಧಿಯಲ್ಲಿ 730 ದಿನ ಮಕ್ಕಳ ಆರೈಕೆ ರಜೆಯಿದೆ. ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಿಗೆ ರಜೆ ಹಾಕಿದ ದಿನದ ಸಂಬಳ ಕಡಿತವಾಗುತ್ತದೆ. ಹಾಗಾಗಿ ಡಿಸ್ಚಾರ್ಜ್ ಆದ ಮೂರನೇ ದಿನ ಅವಳು ಕೆಲಸಕ್ಕೆ ಹೊರಡುತ್ತಾಳೆ, ಕಾಲು ಸೋಲುವ ಮಗು ಅಕ್ಕನ ಸುಪರ್ದಿಗೆ ಬೀಳುತ್ತದೆ.

ಇದು ಹೀಗೇ ಮುಂದುವರಿದರೆ ಏನಾಗುತ್ತದೆ? ರಾಜ್ಯ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ಮಳೆಗಾಲದಲ್ಲಿ ಮತ್ತು ಅದಕ್ಕೂ ಮೊದಲು ಕೋವಿಡ್ ಕಾಲದಲ್ಲಿ ಐಸಿಯು ಕಂಡ ಮಕ್ಕಳು ಈಗ ತರಗತಿಗಳಲ್ಲಿ ಕುಳಿತಿದ್ದಾರೆ. ಗಮನ ಜಾರುವ ಮಗುವಿಗೆ ‘ದಡ್ಡ’ ಎಂಬ ಹೆಸರು ಬೀಳುತ್ತದೆ, ಬೆಚ್ಚುವ ಮಗುವಿಗೆ ‘ಹಠಮಾರಿ’ ಎಂದು. ಎರಡು ವರ್ಷದ ಹಿಂದಿನ ವೆಂಟಿಲೇಟರಿಗೂ ಇಂದಿನ ಗಣಿತದ ಅಂಕಕ್ಕೂ ಸಂಬಂಧ ಇರಬಹುದೆಂದು ಶಿಕ್ಷಕರಿಗೆ ಹೇಳಿದವರಿಲ್ಲ. ತಾಯಿಯ ಖಿನ್ನತೆ, ಆಸ್ಪತ್ರೆಯ ಸಾಲ, ಬಿಟ್ಟುಹೋದ ಕೆಲಸ ಒಂದರ ಬೆನ್ನಿಗೆ ಒಂದು ಬರುತ್ತವೆ. ಚೇತರಿಕೆಗೆ ಒಳ್ಳೆಯ ಕಾಲ ಮೊದಲ ತಿಂಗಳುಗಳು. ನಾವು ಕಳೆದುಕೊಳ್ಳುತ್ತಿರುವುದೂ ಅವನ್ನೇ.

ತಡೆಯುವ ದಾರಿ ತಿಳಿದಿದೆ, ಅದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಐಸಿಯು ಸೇರಿದ ಮಕ್ಕಳ ತಾಯಂದಿರಿಗೆ, ಮಗು ಹೇಗೆ ವರ್ತಿಸಬಹುದು, ತಾವು ಏನು ಮಾಡಬಹುದು ಎಂದು ಮೊದಲೇ ತಿಳಿಹೇಳಿದ ಪ್ರಯೋಗವೊಂದರ ಫಲಿತಾಂಶ 2004ರಲ್ಲೇ ಅಮೆರಿಕದಲ್ಲಿ ಪ್ರಕಟವಾಗಿದೆ. ಆ ತಾಯಂದಿರಲ್ಲಿ ಒತ್ತಡ ಕಡಿಮೆಯಿತ್ತು, ತಿಂಗಳುಗಳ ನಂತರ ಅವರ ಮಕ್ಕಳ ನಡವಳಿಕೆಯ ತೊಂದರೆಗಳೂ ಕಡಿಮೆಯಿದ್ದವು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ನಿದ್ದೆಯ ಔಷಧ ತಗ್ಗಿಸಿ, ಮಕ್ಕಳನ್ನು ಐಸಿಯುನಲ್ಲೇ ಬೇಗ ಎಬ್ಬಿಸಿ ಕೂರಿಸುವುದು ಸುರಕ್ಷಿತವೆಂದು 2016ರಲ್ಲಿ ತೋರಿಸಿತು.

ನಮ್ಮ ಆಸ್ಪತ್ರೆಗಳು ಡಿಸ್ಚಾರ್ಜ್ ಹಾಳೆಯ ಜೊತೆ ಕನ್ನಡದಲ್ಲಿ ಇನ್ನೊಂದು ಹಾಳೆ ಕೊಡಲಿ: ಮಗು ಹೀಗೆಲ್ಲ ಆಡಬಹುದು, ಇಂಥದ್ದು ಕಂಡರೆ ಬನ್ನಿ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ವರ್ಷಕ್ಕೆ ತಪ್ಪದೆ ತೋರಿಸಿ. ಅಮ್ಮನೋ ಅಪ್ಪನೋ ಒಬ್ಬರು ಹಗಲೆಲ್ಲ ಮಗುವಿನ ಪಕ್ಕ ಇರಲು ಬಿಡಲಿ. ಇಎಸ್‌ಐ ಭತ್ಯೆ ಮಗುವಿನ ಆರೈಕೆಗೂ ವಿಸ್ತರಿಸಲಿ. ತಂದೆತಾಯಿಯರೇ, ನಿದ್ದೆ ಬಾರದ ರಾತ್ರಿಗಳು ತಿಂಗಳು ದಾಟಿದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ‘ಟೆಲಿ ಮಾನಸ್’ ಎಂಬ ಉಚಿತ ಸಹಾಯವಾಣಿ. ನೆರವು ಕೇಳಿದರೆ ನೀವು ಸೋತಂತಲ್ಲ.

ಇನ್ನು ಶಾಲೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತಿವೆ. ಕಣ್ಣು, ಕಿವಿ, ತೂಕ, ಕಲಿಕೆ ಎಲ್ಲವನ್ನೂ ನೋಡುತ್ತವೆ. ಅವರು ತುಂಬುವ ಫಾರಂನಲ್ಲಿ ಒಂದು ಸಾಲು ಸೇರಿದರೆ ಸಾಕು, ಈಗ ಯಾರ ಕಣ್ಣಿಗೂ ಬೀಳದ ಮಕ್ಕಳು ಕಣ್ಣಿಗೆ ಬೀಳಲು ಶುರುವಾಗುತ್ತಾರೆ. ಆ ಸಾಲಿಗೆ ಖರ್ಚಿಲ್ಲ, ಕಾಯಬೇಕಾಗಿಯೂ ಇಲ್ಲ. ಬಸವೇಶ್ವರನಗರದ ಯಾವ ಶಿಕ್ಷಕಿಯಾದರೂ ನಾಳೆ ಬೆಳಗ್ಗೆಯೇ ಹಾಜರಿ ಪುಸ್ತಕ ಮುಚ್ಚಿಟ್ಟು ತಾಯಂದಿರನ್ನು ಕೇಳಬಹುದು: ‘ಅಮ್ಮಾ, ಈ ಮಗು ಯಾವಾಗಲಾದರೂ ಐಸಿಯುನಲ್ಲಿತ್ತಾ?’