ಪ್ರಯೋಗಶಾಲೆಯಲ್ಲಿ ಭೂವಿಜ್ಞಾನದ ಸ್ಥಾನ

2004ನೆಯ ಇಸವಿ ಡಿಸೆಂಬರ್ 26ರಂದು ಥಾಯ್ಲೆಂಡ್ ದೇಶದ ಫುಕೆಟ್ ದ್ವೀಪದ ಕಡಲತೀರದಲ್ಲಿ ಹತ್ತು ವರ್ಷದ ಆಂಗ್ಲ ಬಾಲಿಕೆಯೊಬ್ಬಳು ತಾಯಿತಂದೆಗಳೊಡನೆ ಅಡ್ಡಾಡುತ್ತಿದ್ದಳು. ಸಮುದ್ರದ ನೀರು ವಿಚಿತ್ರವಾಗಿ ನೊರೆಗಟ್ಟುತ್ತಿರುವುದನ್ನು ಅವಳು ಕಂಡಳು. ಇದು ಸುನಾಮಿಯ ಲಕ್ಷಣವೆಂದು ಎರಡು ವಾರಗಳ ಹಿಂದೆಯಷ್ಟೇ ಶಾಲೆಯಲ್ಲಿ ಕಲಿತಿದ್ದಳು. ಅವಳ ಕೂಗಿನಿಂದ ಜನರು ತೀರವನ್ನು ಬಿಟ್ಟೋಡಿ ಪ್ರಾಣ ಉಳಿಸಿಕೊಂಡರು.

ಇಂತಹ ವಿದ್ಯೆಗೆ ನಮ್ಮ ಹೈಸ್ಕೂಲುಗಳಲ್ಲಿ ದೊರೆತಿರುವ ಸ್ಥಾನವೇನು? ಭೌತ, ರಸಾಯನ, ಜೀವಶಾಸ್ತ್ರಗಳಿಗೆ ಮೇಜುಗಳೂ ಗಾಜಿನ ಪಾತ್ರೆಗಳೂ ಉಂಟು. ಭೂಮಿಯ ವಿಷಯವಾದರೋ ಬಹುಮಟ್ಟಿಗೆ ಸಮಾಜವಿಜ್ಞಾನದ ಪುಸ್ತಕದೊಳಗೆ ಸೇರಿ, ಬಾಯಿಪಾಠದ ವಸ್ತುವಾಗಿದೆ. ಅಮೇರಿಕದಲ್ಲಿಯೂ ಇದೇ ಕಥೆ. 1893ರಲ್ಲಿ ಅಲ್ಲಿನ ಹತ್ತು ಮಂದಿಯ ಶಿಕ್ಷಣ ಸಮಿತಿಯು ಭೂಗೋಳ, ಭೂಗರ್ಭ, ವಾಯುಮಂಡಲಗಳ ಶಾಸ್ತ್ರಗಳನ್ನು ಪರಿಗಣಿಸಿದ್ದರೂ ಮುಂದೆ ಉಳಿದ ಮೂರು ಶಾಸ್ತ್ರಗಳೇ ಮೇಲುಗೈ ಪಡೆದವು. 2013ರಲ್ಲಿ ಪ್ರಕಟವಾದ ವಿಜ್ಞಾನ ಶಿಕ್ಷಣದ ಮಾನದಂಡಗಳು ಭೂವಿಜ್ಞಾನವನ್ನು ಅವುಗಳ ಸಮಪಂಕ್ತಿಯಲ್ಲಿ ಕುಳ್ಳಿರಿಸಿದವು.

“ಬೆಟ್ಟವನ್ನು ಮೇಜಿನ ಮೇಲೆ ತರಲಾದೀತೇ?” ಎಂದು ಕೆಲವರು ಕೇಳಬಹುದು. ಬೆಟ್ಟವನ್ನು ತರಬೇಕಾಗಿಲ್ಲ; ಅದರ ಒಂದು ಚೂರು ಸಾಕು. ಬಳಪದ ಕಲ್ಲನ್ನು ಉಗುರಿನಿಂದ ಗೀರಿದರೆ ಗೆರೆ ಬೀಳುವುದು. ಬೆಣಚುಕಲ್ಲಿನ ಮೇಲೆ ಉಕ್ಕಿನ ಚಾಕುವಿನಿಂದಲೂ ಬೀಳದು. ಮೋಸ್ ಎಂಬ ವಿದ್ವಾಂಸರು 1812ರಲ್ಲಿ ರಚಿಸಿದ ಕಾಠಿಣ್ಯದ ಅಳತೆಯು ಇದೇ ಉಪಾಯದ ಮೇಲೆ ನಿಂತಿದೆ. ಬೇಲೂರು, ಹಳೇಬೀಡುಗಳ ಸೂಕ್ಷ್ಮ ಕೆತ್ತನೆಗೆ ಅಲ್ಲಿನ ಕಲ್ಲಿನ ಮೃದುತ್ವವೇ ಅನುಕೂಲವಾಯಿತೆಂಬುದು ಆಗ ಮನಸ್ಸಿಗೆ ಹತ್ತುವುದು. ಸುಣ್ಣಕಲ್ಲಿನ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಬಿದ್ದರೆ, ಅಂಗಾರಾಮ್ಲವಾಯು ಹೊರಟು ನೊರೆಯುಕ್ಕುವುದು. ತಳದಲ್ಲಿ ರಂಧ್ರವಿರುವ ಎರಡು ಡಬ್ಬಿಗಳಲ್ಲಿ ಮರಳನ್ನೂ ಜೇಡಿಮಣ್ಣನ್ನೂ ತುಂಬಿ, ಸಮನಾಗಿ ನೀರೆರೆದು, ಇಳಿಯುವ ಕಾಲವನ್ನು ಗಡಿಯಾರದಿಂದ ಅಳೆಯಲಿ. ಮರಳಿನ ಕಣಗಳ ನಡುವಣ ತೆರಪು ದೊಡ್ಡದು. ನೀರು ಬೇಗನೆ ಇಳಿಯುವುದು. ಜೇಡಿಯು ಅದನ್ನು ತಡೆದು ಹಿಡಿಯುವುದು. ಮಳೆಯ ನೀರು ಎಲ್ಲಿ ಇಂಗುವುದು, ಎಲ್ಲಿ ನಿಲ್ಲುವುದು, ಮನೆಯ ಬಾವಿ ಏಕೆ ಬತ್ತುವುದು ಎಂಬ ವಿಚಾರಕ್ಕೆ ಇದೇ ಮೊದಲ ಮೆಟ್ಟಿಲು. ಊಹಿಸುವುದು, ಅಳೆಯುವುದು, ಬರೆದಿಡುವುದು, ತಪ್ಪನ್ನು ತಿದ್ದಿಕೊಳ್ಳುವುದು: ಪ್ರಯೋಗವೆಂದರೆ ಇದಲ್ಲದೆ ಮತ್ತೇನು?

ಈ ಶಾಸ್ತ್ರವು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂಬ ಸಂಶಯವೂ ಬೇಡ. ಫ್ಲಾರೆನ್ಸ್ ಬಾಸ್ಕಂ ಎಂಬ ಮಹಿಳೆಯು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪರದೆಯ ಹಿಂದೆ ಕುಳಿತು ಪಾಠ ಕೇಳಬೇಕಾಯಿತು. ಆದರೂ ಆಕೆ 1893ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿ, ಬಳಿಕ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ವಿಭಾಗವನ್ನೇ ಕಟ್ಟಿದರು.

ಆದುದರಿಂದ ಮಾತಾಪಿತೃಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಈ ವಿಷಯಕ್ಕೂ ಪ್ರಯೋಗದ ವೇಳೆಯನ್ನೂ ಪ್ರಯೋಗದ ಅಂಕಗಳನ್ನೂ ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ವಾಸಿಸುವ ಊರಿನ ಒಂದು ಕಲ್ಲನ್ನು, ಅದು ದೊರೆತ ಸ್ಥಳವನ್ನೂ ದಿನವನ್ನೂ ಬರೆದ ಚೀಟಿಯೊಡನೆ, ಶಾಲೆಗೆ ತಂದುಕೊಡಿರಿ. ನಿಮ್ಮ ತಂಗಿಯರ ಪ್ರಯೋಗಶಾಲೆಗೆ ಅದಕ್ಕಿಂತ ಉತ್ತಮವಾದ ಕಾಣಿಕೆಯಿಲ್ಲ.